ಬೆಳಗಾವಿಯಲ್ಲಿ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ: ಕಚೇರಿ ಮೇಲಿರಬೇಕೋ, ಪಕ್ಕದಲ್ಲೋ, ಬೇರೆ ಕಟ್ಟಡದಲ್ಲೋ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್ ನಡೆಸುವ ಮನೆತನಗಳಲ್ಲಿ ಈಗ ಓದಿ ಬಂದ ಮಕ್ಕಳು ವ್ಯವಹಾರಕ್ಕೆ ಕೈ ಹಾಕುತ್ತಿದ್ದಾರೆ. ಪಂಪು, ವಾಲ್ವು, ಎರಕದ ಕೆಲಸದ ಜೊತೆಗೆ ಬಾಗುವ ಸರ್ಕ್ಯೂಟ್, ಮುದ್ರಿತ ಸೆನ್ಸರ್, ತೆಳು ಹೀಟರ್ ಮಾಡೋಣ ಎಂಬ ಮಾತು ಕಿವಿಗೆ ಬೀಳುತ್ತಿದೆ. 2025ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 22,919 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಯೋಜನೆಯ ಪಟ್ಟಿಯಲ್ಲಿ ಫ್ಲೆಕ್ಸಿಬಲ್ ಪಿಸಿಬಿ (ಬಾಗುವ ಸರ್ಕ್ಯೂಟ್ ಬೋರ್ಡು) ಇರುವುದರಿಂದ ಆಸೆಗೆ ಇನ್ನಷ್ಟು ಬಲ ಬಂದಿದೆ. ಮಷಿನ್ ಯಾವುದು, ಸಾಲ ಎಲ್ಲಿಂದ ಎಂಬುದರ ಚರ್ಚೆ ಜೋರಾಗಿಯೇ ನಡೆಯುತ್ತದೆ. ಕಟ್ಟಡದ ವಿಷಯ ಬಂದಾಗ ಮಾತ್ರ ‘ಕೆಳಗೆ ಪ್ರೊಡಕ್ಷನ್, ಮೇಲೆ ಆಫೀಸು, ಮುಂದೆ ಗಾಜು’ ಎಂದು ಒಂದೇ ಸಾಲಿನಲ್ಲಿ ತೀರ್ಮಾನ ಆಗಿಬಿಡುತ್ತದೆ. ಕಟ್ಟಡಗಳ ನಕ್ಷೆ ಮಾಡುವವನಾಗಿ ನನಗೆ ಕಳವಳ ಆಗುವುದು ಈ ಒಂದು ಸಾಲಿನ ಬಗ್ಗೆಯೇ.

ಎರಕದ ಕೆಲಸಕ್ಕೆ ಕಟ್ಟಡ ಎಂದರೆ ನೆರಳು. ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್‌ಗೆ ಕಟ್ಟಡವೇ ಯಂತ್ರದ ಒಂದು ಭಾಗ. ಹಾಗಾಗಿ ಯಾವ ವಿನ್ಯಾಸ ಆರಿಸಬೇಕು ಎಂಬ ಲೆಕ್ಕ ಮುಂಭಾಗದ ಗಾಜಿನಿಂದ ಶುರು ಆಗಬಾರದು, ಒಳಗೆ ಯಂತ್ರದಲ್ಲಿ ಓಡುವ ತೆಳು ಪ್ಲಾಸ್ಟಿಕ್ ಫಿಲ್ಮಿನಿಂದ ಮತ್ತು ಹೊರಗೆ ಬೀಸುವ ಗಾಳಿಯಿಂದ ಶುರು ಆಗಬೇಕು.

ಫಿಲ್ಮು ಏನು ಕೇಳುತ್ತದೆ

ಈ ಉದ್ಯಮದಲ್ಲಿ ಗಟ್ಟಿ ಫೈಬರ್‌ಗ್ಲಾಸ್ ಬೋರ್ಡಿನ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ಹೆಚ್ಚಾಗಿ ಅದು ಪಿಇಟಿ, ಪಿಇಎನ್ ಇಲ್ಲವೇ ಪಾಲಿಇಮೈಡ್. ಪಾಲಿಇಮೈಡ್ ಬಿಸಿ ತಡೆಯುತ್ತದೆ, ಬೆಲೆ ಜಾಸ್ತಿ. ಪಿಇಟಿ ಅಗ್ಗ, ಆದರೆ ಬಿಸಿಗೆ ಬೇಗ ಸೋಲುತ್ತದೆ. ಎರಡೂ ಗಾಳಿಯಲ್ಲಿನ ಹಸಿ ಹೀರುತ್ತವೆ. ಮಳೆಗಾಲದಲ್ಲಿ ಡಬ್ಬಿಯಿಂದ ಹೊರಗಿಟ್ಟ ಹಪ್ಪಳ ಮೆತ್ತಗಾಗುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಫಿಲ್ಮು ಕಣ್ಣಿಗೆ ಹಾಗೆ ಕಾಣುವುದಿಲ್ಲ, ಆದರೆ ಉದ್ದ ಅಗಲದಲ್ಲಿ ಹಿಗ್ಗುತ್ತದೆ.

ಎಷ್ಟು ಹಿಗ್ಗುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಿ ನೋಡಿ. ಸಾಪೇಕ್ಷ ಆರ್ದ್ರತೆ ಶೇಕಡಾ 1 ಏರಿದರೆ ಹತ್ತು ಲಕ್ಷಕ್ಕೆ ಸುಮಾರು 10 ಭಾಗ ಹಿಗ್ಗುವ ಫಿಲ್ಮು ಎಂದುಕೊಳ್ಳಿ. ರೋಲಿನ ಅಗಲ 500 ಮಿಲಿಮೀಟರ್. ಕೋಣೆಯ ಆರ್ದ್ರತೆ ಶೇಕಡಾ 45ರಿಂದ 55ಕ್ಕೆ ಹೋಯಿತು. ಆಗ ಹಾಳೆ ಈ ತುದಿಯಿಂದ ಆ ತುದಿಗೆ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಹಿಗ್ಗಿರುತ್ತದೆ. ಮೊದಲ ಪದರ ಬೆಳಿಗ್ಗೆ ಮುದ್ರಿಸಿ, ಎರಡನೇ ಪದರ ಮಧ್ಯಾಹ್ನ ಮುದ್ರಿಸಿದರೆ, ನಡುವೆ ಮಳೆ ಬಂದು ಕೋಣೆಯ ಹವೆ ಬದಲಾಗಿದ್ದರೆ, ಎರಡು ಪದರಗಳ ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ಗೆರೆಯ ಅಗಲವೇ 50 ಮೈಕ್ರಾನ್ ಇದ್ದರೆ ಆ ಇಡೀ ರೋಲು ಗುಜರಿಗೆ. ಉಷ್ಣತೆಯ ಕಥೆಯೂ ಇದೇ: ಒಂದು ಡಿಗ್ರಿಗೆ ಹತ್ತು ಲಕ್ಷಕ್ಕೆ 20 ಭಾಗ ಹಿಗ್ಗುವ ಹಾಳೆ 2 ಡಿಗ್ರಿ ವ್ಯತ್ಯಾಸಕ್ಕೆ ಅದೇ ಅಗಲದಲ್ಲಿ 20 ಮೈಕ್ರಾನ್ ಸರಿಯುತ್ತದೆ.

ಆದ್ದರಿಂದಲೇ ಇಂಥ ಕೋಣೆಗೆ 22 ಡಿಗ್ರಿ, ಹೆಚ್ಚುಕಡಿಮೆ 1 ಅಥವಾ 2. ಆರ್ದ್ರತೆ ಶೇಕಡಾ 45, ಹೆಚ್ಚುಕಡಿಮೆ 5 ಎಂದು ಕರಾರು ಹಾಕುತ್ತಾರೆ. ರೋಲುಗಳನ್ನು ಗೋದಾಮಿನಿಂದ ತಂದ ಕೂಡಲೇ ಯಂತ್ರಕ್ಕೆ ಹಾಕುವುದಿಲ್ಲ. ಅದೇ ಹವೆಯಲ್ಲಿ ಒಂದು ದಿನವಾದರೂ ಇಟ್ಟು ಹದಕ್ಕೆ ತರುತ್ತಾರೆ. ನಕ್ಷೆಯಲ್ಲಿ ಇದರ ಅರ್ಥ, ಕಚ್ಚಾ ರೋಲಿನ ಕೋಣೆ ಹೊರಗಿನ ಶೆಡ್ಡಿನಲ್ಲಿ ಇರಬಾರದು, ಹವಾನಿಯಂತ್ರಿತ ಭಾಗದ ಒಳಗೇ ಇರಬೇಕು. ಹೆಚ್ಚಿನ ನಕ್ಷೆಗಳಲ್ಲಿ ಮರೆತುಹೋಗುವ ಕೋಣೆ ಇದು.

ಬೆಳಗಾವಿಯ ಗಾಳಿ, ವಿಜಯಪುರದ ಗಾಳಿ

ಬೆಳಗಾವಿ ಸಮುದ್ರ ಮಟ್ಟದಿಂದ 750 ಮೀಟರ್‌ಗೂ ಎತ್ತರದಲ್ಲಿದೆ, ಘಟ್ಟ ಹತ್ತಿರ. ವರ್ಷಕ್ಕೆ 1,200 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ದಿನಗಟ್ಟಲೆ ಬಟ್ಟೆ ಒಣಗದ ಊರು ಇದು. ಆ ದಿನಗಳಲ್ಲಿ ಹೊರಗೆ 22 ಡಿಗ್ರಿ, ಆರ್ದ್ರತೆ ಶೇಕಡಾ 95 ಇದ್ದರೆ ಪ್ರತಿ ಕಿಲೋ ಗಾಳಿಯಲ್ಲಿ 17 ಗ್ರಾಂಗೂ ಹೆಚ್ಚು ನೀರಿನ ಆವಿ ಇರುತ್ತದೆ. ಒಳಗೆ ನಮಗೆ ಬೇಕಾದದ್ದು ಸುಮಾರು 8 ಗ್ರಾಂ. ಉಳಿದ 9 ಗ್ರಾಂ ತೆಗೆಯಲೇಬೇಕು.

ಗಂಟೆಗೆ 5,000 ಘನ ಮೀಟರ್ ಹೊರಗಾಳಿ ಒಳಗೆ ತರುವ ಸಾಧಾರಣ ಘಟಕಕ್ಕೆ ಇದು ಗಂಟೆಗೆ 50 ಲೀಟರ್ ನೀರು. ಮೂರು ಪಾಳಿ ನಡೆದರೆ ದಿನಕ್ಕೆ 1,200 ಲೀಟರ್. ಬರೀ ಈ ನೀರು ಹಿಂಡುವುದಕ್ಕೇ ಸುಮಾರು 10 ಟನ್ ಎಸಿ ಸಾಮರ್ಥ್ಯ ಬೇಕು. ‘ಹೊರಗೆ 22 ಡಿಗ್ರಿ ತಂಪಿದೆ, ಎಸಿ ಯಾಕೆ’ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನೇ. ನೀರು ಹಿಂಡಲು ಗಾಳಿಯನ್ನು 9 ಡಿಗ್ರಿ ಆಸುಪಾಸಿಗೆ ತಣಿಸಿ, ಆಮೇಲೆ ಮತ್ತೆ ಬಿಸಿ ಮಾಡಿ ಕೋಣೆಗೆ ಬಿಡಬೇಕು. ಆ ಬಿಸಿಯನ್ನು ಚಿಲ್ಲರ್ (ಎಸಿಗೆ ನೀರು ತಣಿಸುವ ಯಂತ್ರ) ಹೊರಹಾಕುವ ಶಾಖದಿಂದಲೇ ತೆಗೆದುಕೊಳ್ಳುವ ವ್ಯವಸ್ಥೆ ಮೊದಲ ದಿನದಿಂದಲೇ ಇರಲಿ. ಹೀಟರ್ ಕಾಯಿಲ್ ಹಾಕಿ ಕರೆಂಟು ಸುಡುವುದು ಬೇಡ. ಹಿಂಡಿದ ನೀರು ಕೂಲಿಂಗ್ ಟವರಿಗೆ ಚೆನ್ನಾಗಿ ಆಗುತ್ತದೆ.

ಇನ್ನೊಂದು ಸಣ್ಣ ಆದರೆ ಮುಖ್ಯ ಮಾತು. ಈ ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಶೇಕಡಾ 7ರಷ್ಟು ತೆಳು. ಮುಂಬೈ, ಚೆನ್ನೈ ಲೆಕ್ಕದಲ್ಲಿ ಆರಿಸಿದ ಫ್ಯಾನು ಇಲ್ಲಿ ಅಷ್ಟೇ ತೂಕದ ಗಾಳಿ ಸಾಗಿಸುವುದಿಲ್ಲ. ಕೊಟೇಶನ್‌ನಲ್ಲಿ ಎತ್ತರದ ತಿದ್ದುಪಡಿ ಹಾಕಿದ್ದಾರೋ ಇಲ್ಲವೋ ಕೇಳಿ.

ಹಾಗಾದರೆ ಬಾಗಲಕೋಟೆ, ವಿಜಯಪುರ ಮೇಲೇ? ಅಲ್ಲಿ ಮಳೆ ಬೆಳಗಾವಿಯ ಅರ್ಧದಷ್ಟು. ಹಸಿ ಹಿಂಡುವ ಖರ್ಚು ಕಡಿಮೆ ದಿನಗಳಿಗೆ ಸೀಮಿತ. ಆದರೆ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಮುಟ್ಟುತ್ತದೆ, ಛಾವಣಿ ಗೋಡೆಗಳಿಂದ ಬರುವ ಬಿಸಿ ಜಾಸ್ತಿ. ಚಳಿಗಾಲ ಕಳೆದು ಬೇಸಿಗೆ ಶುರುವಾಗುವ ಹೊತ್ತಿಗೆ ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಫಿಲ್ಮು ರೋಲಿನಿಂದ ಬಿಚ್ಚಿಕೊಳ್ಳುವಾಗ ಸಾವಿರಾರು ವೋಲ್ಟಿನ ಸ್ಥಿರ ವಿದ್ಯುತ್ ಹುಟ್ಟಿ, ಧೂಳನ್ನು ಎಳೆದುಕೊಳ್ಳುತ್ತದೆ, ಸಾಲ್ವೆಂಟ್ ಇರುವಲ್ಲಿ ಬೆಂಕಿಯ ಭಯವನ್ನೂ ತರುತ್ತದೆ. ಅಲ್ಲಿ ಹಸಿ ಸೇರಿಸುವ ಯಂತ್ರ, ಸ್ಥಿರ ವಿದ್ಯುತ್ ಇಳಿಸುವ ಅಯಾನೈಸರ್, ಭೂಸಂಪರ್ಕ ಇರುವ ನೆಲ ಎಲ್ಲ ವರ್ಷದ ಹೆಚ್ಚು ತಿಂಗಳು ದುಡಿಯಬೇಕು. ಬೆಳಗಾವಿಯಲ್ಲೂ ಫೆಬ್ರವರಿ–ಮಾರ್ಚ್ ಮಧ್ಯಾಹ್ನಗಳಲ್ಲಿ ಇವು ಬೇಕೇ. ಎರಡೂ ಕಡೆ ಎರಡೂ ಉಪಕರಣ ಬೇಕು, ಓಡುವ ದಿನಗಳು ಅದಲುಬದಲು ಅಷ್ಟೇ. ಕಚೇರಿಯ ವಿಷಯದಲ್ಲಿ ಮಾತ್ರ ಬೆಳಗಾವಿ ಸ್ಪಷ್ಟವಾಗಿ ಗೆಲ್ಲುತ್ತದೆ. ಇಲ್ಲಿ ವರ್ಷದ ಹೆಚ್ಚಿನ ದಿನ ಕಿಟಕಿ ತೆರೆದು ಫ್ಯಾನು ಹಾಕಿಕೊಂಡೇ ಕೆಲಸ ಮಾಡಬಹುದು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಆಯ್ಕೆಗೆ ಇದೇ ಆಧಾರ.

ಮೂರು ವಿನ್ಯಾಸಗಳು

ಮೊದಲನೆಯದು ಒಂದರ ಮೇಲೊಂದು: ನೆಲಮಟ್ಟದಲ್ಲಿ ಉತ್ಪಾದನೆ, ಮೇಲೆ ಕಚೇರಿ. ಜಾಗ ಉಳಿಯುತ್ತದೆ, ರಸ್ತೆಯಿಂದ ನೋಡಿದರೆ ಕಟ್ಟಡ ಎತ್ತರವಾಗಿ ಗಂಭೀರವಾಗಿ ಕಾಣುತ್ತದೆ. ಆದರೆ ಒಳಹೊಕ್ಕು ನೋಡಿದರೆ ತೊಡಕು ಬಹಳ. ಕ್ಲೀನ್‌ರೂಮಿನ, ಅಂದರೆ ಧೂಳಿನ ಕಣ ಸೋಸಿದ ಗಾಳಿಯಷ್ಟೇ ಇರುವ ಕೋಣೆಯ, ಒಳಗಿನ ಎತ್ತರ 3 ಮೀಟರ್ ಸಾಕು. ಅದರ ಮೇಲೆ ಫಿಲ್ಟರ್, ಡಕ್ಟು, ಪೈಪು, ಅವುಗಳನ್ನು ರಿಪೇರಿ ಮಾಡುವವರು ಬಗ್ಗಿ ಓಡಾಡುವ ಜಾಗ ಸೇರಿ ಇನ್ನೂ 3 ಮೀಟರ್‌ಗೆ ಹೆಚ್ಚು ಬೇಕು. ಅಂದರೆ ಕಚೇರಿಗೆ ಹೋಗುವವರು ಎರಡು ಅಂತಸ್ತಿನಷ್ಟು ಮೆಟ್ಟಿಲು ಹತ್ತಬೇಕು. ಕಚೇರಿಯ ಶೌಚಾಲಯ, ಪ್ಯಾಂಟ್ರಿಯ ನೀರಿನ ಪೈಪು ನೇರವಾಗಿ ಮುದ್ರಣ ಯಂತ್ರದ ನೆತ್ತಿಯ ಮೇಲೆ. ಓವನ್ನಿನ ಹೊಗೆ ಕೊಳವೆಗಳು ಕಚೇರಿಯ ನಡುವಿನಿಂದ ಶಾಫ್ಟ್ ತೂರಿಕೊಂಡು ಹೋಗಬೇಕು. ಮೇಲೆ ಜನ ನಡೆದಾಡಿದ ಅದುರು ಚಾವಣಿಗೆ ತೂಗುಹಾಕಿದ ಫಿಲ್ಟರ್ ಚೌಕಟ್ಟಿಗೆ ಇಳಿಯುತ್ತದೆ. ಇಷ್ಟೆಲ್ಲ ಸಹಿಸಿಕೊಂಡರೂ ನಾಳೆ ಎತ್ತರದ ಹೊಸ ಯಂತ್ರ ಬಂದರೆ ಚಾವಣಿ ಎತ್ತರಿಸಲು ದಾರಿ ಇಲ್ಲ.

ಉತ್ಪಾದನೆಯನ್ನೇ ಮೇಲಕ್ಕೆ ಹಾಕಿ ಕಚೇರಿ ಕೆಳಗಿಟ್ಟರೆ? ಆಗ ಚಪ್ಪಡಿಯ ಭಾರವೇ ಸಮಸ್ಯೆ. ಕಚೇರಿಗೆ ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಚದರ ಮೀಟರ್‌ಗೆ 2.5ರಿಂದ 4 ಕಿಲೋನ್ಯೂಟನ್ ಹಿಡಿದರೆ ಸಾಕು. ಯಂತ್ರದ ಅಂತಸ್ತಿಗೆ 10 ಹಿಡಿಯುವುದು ವಾಡಿಕೆ. ಭಾರಿ ಲ್ಯಾಮಿನೇಶನ್ ಪ್ರೆಸ್ ಬಂದರೆ ಅದೂ ಸಾಲದು.

ಮೂರನೆಯದನ್ನು ಮೊದಲು ಹೇಳಿಬಿಡುತ್ತೇನೆ: ಕಾರ್ಖಾನೆ ಒಂದು ಕಟ್ಟಡ, ಕಚೇರಿ ಇನ್ನೊಂದು, ನಡುವೆ ಅಂಗಳ, ಮೇಲೆ ಸೇತುವೆ. ಕಚೇರಿಗೆ ನಾಲ್ಕೂ ಕಡೆಯಿಂದ ಬೆಳಕು ಗಾಳಿ. ಬೆಂಕಿಯ ದೃಷ್ಟಿಯಿಂದ ಇದಕ್ಕಿಂತ ಸುರಕ್ಷಿತ ವಿನ್ಯಾಸ ಇಲ್ಲ. ಕಚೇರಿಯನ್ನು ಜಂಬಿಟ್ಟಿಗೆ ಕಲ್ಲಿನಲ್ಲಿ ಸುಂದರವಾಗಿ ಕಟ್ಟಬಹುದು. ಖಾನಾಪುರದ ಕಡೆಯ ಆ ಕೆಂಪು ಕಲ್ಲಿನ ಕೆಲಸ ಬಲ್ಲ ಗವಂಡಿಗಳು ಈಗಲೂ ಇದ್ದಾರೆ. ಆದರೆ ನಾಲ್ಕು ತಿಂಗಳ ಮಳೆಯಲ್ಲಿ ಎಂಜಿನಿಯರು ದಿನಕ್ಕೆ ಹತ್ತು ಸಲ ಅಂಗಳವನ್ನೋ ಸೇತುವೆಯನ್ನೋ ದಾಟುತ್ತಾನೆಯೇ? ದಾಟುವುದಿಲ್ಲ. ಫೋನಿನಲ್ಲೇ ಮಾತು ಮುಗಿಸುತ್ತಾನೆ. ಹೊಸ ತಂತ್ರಜ್ಞಾನದಲ್ಲಿ, ಮೊದಲ ಎರಡು ಮೂರು ವರ್ಷ, ವಿನ್ಯಾಸ ಮಾಡುವವರು ಮತ್ತು ಯಂತ್ರ ಓಡಿಸುವವರು ಒಂದೇ ಹಾಳೆಯನ್ನು ಒಟ್ಟಿಗೆ ಕೈಯಲ್ಲಿ ಹಿಡಿದು ನೋಡಬೇಕಾಗುತ್ತದೆ. ಎಕರೆಗಟ್ಟಲೆ ಜಾಗವಿದ್ದು ಪ್ರಕ್ರಿಯೆ ಪಳಗಿದ ಕಂಪನಿಗೆ ಈ ವಿನ್ಯಾಸ ಒಪ್ಪುತ್ತದೆ. ಹೊಸಬರಿಗೆ ನಾನು ಹೇಳುವುದಿಲ್ಲ.

ನನ್ನ ಒಲವು ಎರಡನೆಯದಕ್ಕೆ. ಪಕ್ಕಪಕ್ಕ, ಒಂದೇ ಛಾವಣಿಯ ರೇಖೆ, ಆದರೆ ಎರಡು ಬೇರೆ ಬೇರೆ ಚೌಕಟ್ಟು. ಅದರ ಗುಟ್ಟು ಎತ್ತರದ ಲೆಕ್ಕದಲ್ಲಿದೆ. ಉತ್ಪಾದನಾ ಹಾಲಿಗೆ 7.2 ಮೀಟರ್ ಕೊಡಿ. ಕಚೇರಿಗೆ 3.6 ಮೀಟರಿನ ಎರಡು ಅಂತಸ್ತು. ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ, ಒಂದು ಮೀಟರೂ ಪೋಲಾಗುವುದಿಲ್ಲ. ಉದಾಹರಣೆಗೆ ಹಾಲು 24 ಮೀಟರ್ ಅಗಲ, 48 ಮೀಟರ್ ಉದ್ದ. ಅದರ ಉತ್ತರ ಬದಿಗೆ 9.6 ಮೀಟರ್ ಅಗಲದ ಕಚೇರಿ ಪಟ್ಟಿ. ಆ ಅಗಲಕ್ಕೆ ಉತ್ತರದ ಕಿಟಕಿಯ ಬೆಳಕು ಮುಕ್ಕಾಲು ಭಾಗ ತಲುಪುತ್ತದೆ, ಹಗಲಲ್ಲಿ ದೀಪ ಬೇಕಾಗುವುದು ಒಳಬದಿಯ ಮೀಟಿಂಗ್ ಕೋಣೆಗಳಿಗೆ ಮಾತ್ರ.

ಹಾಲು ಮತ್ತು ಕಚೇರಿಯ ನಡುವೆ 2.4ರಿಂದ 3 ಮೀಟರಿನ ಒಂದು ಓಣಿ ಬಿಡಿ. ಕೆಳಗೆ ಅದು ಉಡುಗೆ ಬದಲಿಸುವ ಕೋಣೆ, ಏರ್‌ಲಾಕ್ (ಹೊರಗಾಳಿ ಒಳನುಗ್ಗದಂತೆ ಎರಡು ಬಾಗಿಲಿನ ಸಣ್ಣ ಕೋಣೆ), ಪೈಪು ಕೇಬಲ್ಲುಗಳ ದಾರಿ. ಮೇಲೆ, ಕಚೇರಿಯ ಮೊದಲ ಮಹಡಿಯ ಮಟ್ಟದಲ್ಲಿ, ಗಾಜಿನ ಗ್ಯಾಲರಿ. ಗ್ಯಾಲರಿಯ ನೋಟಕ್ಕೆ ಅಡ್ಡ ಬರದಂತೆ ಆ ಬದಿಯ ಒಂದು ಸಾಲಿನಲ್ಲಿ ಕ್ಲೀನ್‌ರೂಮಿನ ಒಳಚಾವಣಿಯನ್ನು ಗಾಜಿನದಾಗಿ ಮಾಡಿಸಿ. ಗಿರಾಕಿ ಬಂದಾಗ, ವಿಟಿಯು ಕಾಲೇಜುಗಳ ವಿದ್ಯಾರ್ಥಿಗಳು ಬಂದಾಗ ಬಿಳಿ ಉಡುಗೆ ತೊಡಿಸುವ ಗೋಜಿಲ್ಲದೆ ಯಂತ್ರ ತೋರಿಸಬಹುದು. ಒಬ್ಬ ಮನುಷ್ಯ ಒಳಗೆ ಹೋಗದಿದ್ದರೆ ಅಷ್ಟು ಧೂಳು ಕಡಿಮೆ. ಬೆಳಕಿನಿಂದ ಸರ್ಕ್ಯೂಟಿನ ಗೆರೆ ಮೂಡಿಸುವ ಫೋಟೊಲಿಥೊಗ್ರಫಿ ಕೋಣೆಯ ಗಾಜಿಗೆ ಹಳದಿ ಫಿಲ್ಟರ್ ಹಾಳೆ ಅಂಟಿಸಲು ಮರೆಯಬೇಡಿ. 500 ನ್ಯಾನೋಮೀಟರ್‌ಗಿಂತ ಕಡಿಮೆಯ ನೀಲಿ ಬೆಳಕು ಒಳಗೆ ಬಿದ್ದರೆ ಬೆಳಕಿಗೆ ಸ್ಪಂದಿಸುವ ರೆಸಿಸ್ಟ್ ಲೇಪ ಕೆಡುತ್ತದೆ.

ಎರಡು ಚೌಕಟ್ಟುಗಳ ನಡುವೆ ಸಂದು ಬಿಡಬೇಕು. ಭೂಕಂಪದ ಭಾರತೀಯ ಮಾನದಂಡದ 2016ರ ಆವೃತ್ತಿ ಐಎಸ್ 1893 ಬೆಳಗಾವಿಯನ್ನು ಮೂರನೇ ಭೂಕಂಪ ವಲಯದಲ್ಲಿ ಇಟ್ಟಿದೆ. ಎತ್ತರದ ಒಂದೇ ಹಾಲು ಮತ್ತು ಎರಡು ಅಂತಸ್ತಿನ ಕಚೇರಿ ಅಲುಗುವ ಲಯ ಬೇರೆ ಬೇರೆ, ಸಂದಿಲ್ಲದಿದ್ದರೆ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ದಿನನಿತ್ಯದ ಅದುರೂ ಈ ಸಂದಿನಲ್ಲೇ ನಿಲ್ಲುತ್ತದೆ.

ಇನ್ನು ದಿಕ್ಕು. ಮುಂಗಾರಿನ ಗಾಳಿ ಮಳೆ ನಮ್ಮಲ್ಲಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಮಧ್ಯಾಹ್ನದ ಬಿಸಿಲೂ ಆ ಕಡೆಯದೇ. ಹಾಗಾಗಿ ಹಾಲಿನ ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಕಿಟಕಿ ಬೇಡ. ಲಾರಿ ನಿಲ್ಲುವ ಡಾಕ್ ಪೂರ್ವಕ್ಕೆ. ಓವನ್ನುಗಳ ಹೊಗೆ ಕೊಳವೆ ಆಗ್ನೇಯಕ್ಕೆ, ಹೊರಗಾಳಿ ಹೀರುವ ಬಾಯಿ ಉತ್ತರದ ಮೇಲ್ಭಾಗಕ್ಕೆ, ಮಳೆಹನಿ ತಡೆಯುವ ಲೂವರ್ ಸಮೇತ. ವಾಸ್ತು ನೋಡುವವರು ಇದರಲ್ಲಿ ಹೆಚ್ಚು ಆಕ್ಷೇಪ ಎತ್ತುವುದಿಲ್ಲ ಎಂಬುದು ನನ್ನ ಅನುಭವ, ಓವನ್ನು ಆಗ್ನೇಯಕ್ಕೆ ಬಂದರೆ ಅವರಿಗೂ ಖುಷಿ.

ಬೆಳೆಯುವ ದಾರಿಯೂ ಈ ವಿನ್ಯಾಸದಲ್ಲಿ ಸಲೀಸು. ಹಾಲಿನ ಪೂರ್ವದ ಅಥವಾ ಪಶ್ಚಿಮದ ತುದಿಯ ಗೋಡೆಯನ್ನು ಬಿಚ್ಚಬಹುದಾದ ಪ್ಯಾನೆಲ್‌ನಲ್ಲಿ ಮಾಡಿ. ರೋಲ್-ಟು-ರೋಲ್ ಸಾಲು ಎಂದರೆ ಬಿಚ್ಚುವ ರೋಲು, ಮೇಲ್ಮೈ ಹದ ಮಾಡುವ ಘಟಕ, ಮುದ್ರಣ, ಒಣಗಿಸುವ ಓವನ್, ತಪಾಸಣೆ, ಸುತ್ತುವ ರೋಲು. ಎಲ್ಲ ಸೇರಿ 20 ಮೀಟರ್ ಉದ್ದ ಸುಲಭವಾಗಿ ಆಗುತ್ತದೆ. ಅದು ನೇರ ಗೆರೆಯಲ್ಲೇ ಇರಬೇಕು, ಮೂಲೆಯಲ್ಲಿ ತಿರುಗಿಸಲಾಗದು. ಹಾಗಾಗಿ ಹಾಲಿನ ನಡುವೆ ಕಂಬ ಬಾರದಂತೆ ನೋಡಿಕೊಳ್ಳುವುದು ಬಹಳ ಮುಖ್ಯ.

ಉಕ್ಕಿನ ಶೆಡ್ಡೋ, ಆರ್‌ಸಿಸಿಯೋ?

ಮೇಲಿನ ಮಾತಿನಿಂದಲೇ ಉತ್ತರ ಅರ್ಧ ಬಂದಿದೆ. 24 ಮೀಟರ್ ಕಂಬವಿಲ್ಲದ ಹಾಲಿಗೆ ಪ್ರೀ-ಎಂಜಿನಿಯರ್ಡ್ (ಕಾರ್ಖಾನೆಯಲ್ಲೇ ಮಾಡಿ ತಂದು ಜೋಡಿಸುವ) ಉಕ್ಕಿನ ಚೌಕಟ್ಟೇ ಸರಿ, ಬೇಗ ನಿಲ್ಲುತ್ತದೆ, ಮುಂದೆ ಉದ್ದ ಹೆಚ್ಚಿಸಬಹುದು. ಕಚೇರಿಗೆ ಆರ್‌ಸಿಸಿ. ಬೆಳಗಾವಿಯಲ್ಲಿ ಉಕ್ಕಿನ ಶೆಡ್ಡಿನ ಬಗ್ಗೆ ಇರುವ ದೂರು ಒಂದೇ: ಪತ್ರಾ ಸೋರುತ್ತದೆ. ಸೋರುವುದು ಪತ್ರಾದಿಂದಲ್ಲ, ಅದಕ್ಕೆ ಹೊಡೆದ ಸ್ಕ್ರೂ ತೂತುಗಳಿಂದ. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ತೂತು ಸಡಿಲಾಗುತ್ತದೆ, ರಬ್ಬರ್ ವಾಷರ್ ಒಡೆಯುತ್ತದೆ. ತೂತು ಹೊಡೆಯದೆ ಮಡಿಚಿ ಬೆಸೆಯುವ ಸ್ಟ್ಯಾಂಡಿಂಗ್ ಸೀಮ್ ಛಾವಣಿ ಹಾಕಿಸಿ. ಖರ್ಚು ಹೆಚ್ಚು, ಆದರೆ ಈ ಊರಿನ ಮಳೆಗೆ ಬೇರೆ ಉಪಾಯ ಕಾಣುವುದಿಲ್ಲ. ಛಾವಣಿಯ ನಡುವೆ ಕಣಿವೆ ಗಟಾರ ಬೇಡವೇ ಬೇಡ, ನೀರು ಹೊರಬದಿಗೆ ಇಳಿಯಲಿ.

ಕ್ಲೀನ್‌ರೂಮನ್ನು ಈ ಹಾಲಿನ ಒಳಗೆ ಇನ್ನೊಂದು ಪೆಟ್ಟಿಗೆಯಂತೆ ಪ್ಯಾನೆಲ್‌ಗಳಲ್ಲಿ ಕಟ್ಟಿ. ಹೊರಗೋಡೆಗೂ ಒಳಪ್ಯಾನೆಲ್ಲಿಗೂ ನಡುವೆ ಒಂದು ಮೀಟರಿಗೆ ಮೇಲ್ಪಟ್ಟು ಅಂತರ ಇರಲಿ. ಆ ಅಂತರದಲ್ಲಿ ಮೆಕ್ಯಾನಿಕ್ ಓಡಾಡಬಹುದು, ಹೊರಗೆ ಒಂದು ಹನಿ ಸೋರಿದರೂ ಒಳಗೆ ಬರುವ ಮೊದಲೇ ಕಣ್ಣಿಗೆ ಬೀಳುತ್ತದೆ. ಪ್ಯಾನೆಲ್‌ನೊಳಗಿನ ತುಂಬು ಪಫ್ (ಪ್ಲಾಸ್ಟಿಕ್ ನೊರೆ) ಬೇಡ, ರಾಕ್‌ವೂಲ್ (ಕಲ್ಲಿನ ನಾರು) ಇರಲಿ. ಸಾಲ್ವೆಂಟ್, ಬಿಸಿ ಓವನ್ ಎರಡೂ ಇರುವ ಜಾಗದಲ್ಲಿ ಪಫ್ ಹೊತ್ತಿಕೊಂಡರೆ ನಿಲ್ಲಿಸುವುದು ಕಷ್ಟ. ನನಗೆ ಪ್ರಿಯವಾದ ಜಂಬಿಟ್ಟಿಗೆ ಕಲ್ಲನ್ನೂ ಇಲ್ಲಿ ಬಳಸಬೇಡಿ ಎನ್ನುತ್ತೇನೆ. ಅದು ತೂತು ತೂತಾದ ಕಲ್ಲು, ಹಸಿ ಹೀರುತ್ತದೆ, ಪುಡಿ ಉದುರಿಸುತ್ತದೆ. ಕಚೇರಿಯ ಹೊರಮೈಗೆ, ಕಾಂಪೌಂಡಿಗೆ ಅದು ಒಪ್ಪುತ್ತದೆ.

ಇಡೀ ಹಾಲು ಕ್ಲೀನೋ, ಯಂತ್ರದ ನೆತ್ತಿ ಮಾತ್ರ ಕ್ಲೀನೋ?

ಖರ್ಚಿನ ದೊಡ್ಡ ತಿರುವು ಇರುವುದು ಇಲ್ಲಿ. ಕ್ಲೀನ್‌ರೂಮಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14644 ಪ್ರಕಾರ 8ನೇ ವರ್ಗದ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 35,20,000 ಇರಬಹುದು. 7ನೇ ವರ್ಗದಲ್ಲಿ 3,52,000. 5ನೇ ವರ್ಗದಲ್ಲಿ 3,520 ಮಾತ್ರ. ವರ್ಗ ಒಂದು ಮೆಟ್ಟಿಲು ಇಳಿದಂತೆ ಕಣ ಹತ್ತು ಪಟ್ಟು ಕಡಿಮೆ ಆಗಬೇಕು, ಗಾಳಿ ಬದಲಿಸುವ ಕೆಲಸ ಏರುತ್ತದೆ.

400 ಚದರ ಮೀಟರ್, 3 ಮೀಟರ್ ಎತ್ತರದ ಕೋಣೆ ತೆಗೆದುಕೊಳ್ಳಿ: 1,200 ಘನ ಮೀಟರ್. 8ನೇ ವರ್ಗಕ್ಕೆ ಗಂಟೆಗೆ 20 ಸಲ ಗಾಳಿ ಬದಲಿಸಿದರೆ 24,000 ಘನ ಮೀಟರ್. 7ನೇ ವರ್ಗಕ್ಕೆ 45 ಸಲ ಎಂದರೆ 54,000. ಫ್ಯಾನು, ಫಿಲ್ಟರು, ಡಕ್ಟು ಎಲ್ಲ ಎರಡು ಪಟ್ಟಿಗೂ ಹೆಚ್ಚು. ಇಂಥ ಕಾರ್ಖಾನೆಗಳ ಕರೆಂಟ್ ಬಿಲ್ಲಿನಲ್ಲಿ ಅರ್ಧದ ಹತ್ತಿರ ಹವಾನಿಯಂತ್ರಣಕ್ಕೇ ಹೋಗುತ್ತದೆ, ಹೆಸ್ಕಾಂ ಬಿಲ್ಲು ತಿಂಗಳು ತಿಂಗಳು ಬರುತ್ತದೆ.

ಮುದ್ರಿತ ಸೆನ್ಸರ್, ಹೀಟರ್, ಸಾಧಾರಣ ಫ್ಲೆಕ್ಸ್ ಸರ್ಕ್ಯೂಟ್ ಮಾಡುವವರು ಇಡೀ ಹಾಲನ್ನು 8ನೇ ವರ್ಗಕ್ಕೆ ಇಟ್ಟು, ಹಾಳೆ ತೆರೆದಿರುವ ಜಾಗಗಳ ನೆತ್ತಿಗೆ ಮಾತ್ರ ಅತಿ ಸಣ್ಣ ಕಣ ತಡೆಯುವ ಹೆಪಾ ಫಿಲ್ಟರಿನ ಫ್ಯಾನ್ ಘಟಕ, ಸುತ್ತ ಪಾರದರ್ಶಕ ಪರದೆ ಹಾಕಿಸಿದರೆ ಸಾಕು. ಅಲ್ಲಿ 6 ಅಥವಾ 5ನೇ ವರ್ಗ ಸಿಗುತ್ತದೆ. ಯಂತ್ರ ಜಾಗ ಬದಲಿಸಿದರೆ ಫ್ಯಾನ್ ಘಟಕವೂ ಜೊತೆಗೆ ಸರಿಯುತ್ತದೆ. ತೆಳು ಪದರದ ಟ್ರಾನ್ಸಿಸ್ಟರ್, ಡಿಸ್‌ಪ್ಲೇ ಮಾಡುವ ಗುರಿ ಇದ್ದರೆ ಈ ಮಾತು ಅನ್ವಯಿಸದು, ಆಗ ಪೂರ್ತಿ ಕ್ಲೀನ್‌ರೂಮೇ ಬೇಕು. ಅಂಥ ಗುರಿ ಇರುವವರು ಕಟ್ಟಡಕ್ಕೆ ಕೈ ಹಾಕುವ ಮೊದಲು ಐಐಟಿ ಕಾನ್ಪುರದ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಕೇಂದ್ರಕ್ಕೆ ಹೋಗಿ ಅಲ್ಲಿನ ವ್ಯವಸ್ಥೆ ಕಣ್ಣಾರೆ ನೋಡಿ ಬರಬೇಕು.

ಓವನ್ನಿನ ಬಗ್ಗೆ ಎಚ್ಚರ. ಅದು ಹೊರಹಾಕುವ ಪ್ರತಿ ಘನ ಮೀಟರ್ ಗಾಳಿಗೆ ಬದಲು ಒಂದು ಘನ ಮೀಟರ್ ಹೊರಗಾಳಿ ಒಳಗೆ ಬರಬೇಕು, ಮೇಲೆ ಹೇಳಿದಂತೆ ನೀರು ಹಿಂಡಿಸಿಕೊಂಡು. ಓವನ್ ಮಾರುವವರು ಹೊಗೆ ಕೊಳವೆಯ ಗಾತ್ರ ದೊಡ್ಡದಾಗಿಯೇ ಹೇಳುತ್ತಾರೆ. ಸಾಲ್ವೆಂಟ್ ಆವಿಯ ಸುರಕ್ಷಿತ ಮಿತಿಗೆ ಎಷ್ಟು ಗಾಳಿ ಬೇಕೋ ಅಷ್ಟಕ್ಕೆ ಲೆಕ್ಕ ಮಾಡಿಸಿ, ಅದಕ್ಕಿಂತ ಹೆಚ್ಚು ಬೇಡ.

ಉಡುಗೆ, ಮಳೆ ಮತ್ತು ಪೂಜೆ

ಕ್ಲೀನ್‌ರೂಮಿನ ಪುಸ್ತಕಗಳಲ್ಲಿ ಇಲ್ಲದ, ನಮ್ಮ ಊರಿಗೆ ಬೇಕಾದ ಕೋಣೆಗಳಿವೆ. ಬೆಳಿಗ್ಗೆ ಪಾಳಿಗೆ ಬರುವವರಲ್ಲಿ ಹೆಚ್ಚಿನವರು ಬೈಕಿನಲ್ಲಿ ಬರುತ್ತಾರೆ. ಜುಲೈನಲ್ಲಿ ಎಲ್ಲರ ಮೈಮೇಲೆ ತೊಟ್ಟಿಕ್ಕುವ ರೇನ್‌ಕೋಟು, ಕಾಲಲ್ಲಿ ಕೆಸರು. ಅವರು ನೇರವಾಗಿ ಉಡುಗೆ ಕೋಣೆಗೆ ಬಂದರೆ ಅಲ್ಲಿನ ಆರ್ದ್ರತೆ ಏರಿ ಏರ್‌ಲಾಕ್ ದಾಟಿ ಒಳಗೂ ಹೋಗುತ್ತದೆ. ಪಾರ್ಕಿಂಗ್‌ನಿಂದ ಬಾಗಿಲವರೆಗೆ ಮಾಡು ಇರಲಿ. ರೇನ್‌ಕೋಟು ನೇತುಹಾಕಿ ಒಣಗಿಸಲು ಪ್ರತ್ಯೇಕ ಕೋಣೆ, ಕಾಲು ತೊಳೆಯಲು ನಲ್ಲಿ, ಹೊರ ಚಪ್ಪಲಿ ಬಿಡುವ ಜಾಗ, ಒಳ ಚಪ್ಪಲಿ ತೊಡುವ ಜಾಗ, ನಡುವೆ ದಾಟಲು ಒಂದು ಬೆಂಚು. ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ನಮ್ಮವರಿಗೆ ಹೇಳಿಕೊಡಬೇಕಿಲ್ಲ, ಜಾಗ ಸರಿಯಾಗಿ ಕೊಟ್ಟರೆ ಶಿಸ್ತು ತಾನಾಗಿ ಬರುತ್ತದೆ.

ಪೌಡರು, ಕುಂಕುಮ, ಮುಡಿದ ಹೂವು, ಇವೆಲ್ಲ ಕಣ ಉದುರಿಸುತ್ತವೆ. ಒಳಗೆ ನಿಷೇಧ ಹೇರಿ ಬೋರ್ಡು ಹಾಕಿದರೆ ಹೆಣ್ಣುಮಕ್ಕಳಿಗೆ ಅವಮಾನ ಆದಂತೆ ಅನಿಸುತ್ತದೆ. ಕನ್ನಡಿ, ನೀರು, ಲಾಕರ್ ಇರುವ ಒಳ್ಳೆಯ ಕೋಣೆ ಕೊಟ್ಟು, ಪಾಳಿ ಮುಗಿದ ಮೇಲೆ ಮತ್ತೆ ಸಿಂಗರಿಸಿಕೊಂಡು ಹೋಗುವ ಅನುಕೂಲ ಮಾಡಿ. ಖಂಡೆ ಪೂಜೆಯ ದಿನ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕುಂಬಳಕಾಯಿ ಒಡೆಯುವುದು ಈ ಭಾಗದ ಯಾವ ಕಾರ್ಖಾನೆಯಲ್ಲೂ ತಪ್ಪದು. ಹೊಗೆಯ ಕಣ ಹೆಪಾ ಫಿಲ್ಟರಿನ ಆಯುಷ್ಯ ತಿನ್ನುತ್ತದೆ. ಓಣಿಯಲ್ಲಿ, ಯಂತ್ರ ನೇರವಾಗಿ ಕಾಣುವ ಗಾಜಿನ ಎದುರಿಗೆ ಒಂದು ಗೂಡು ಮಾಡಿಸಿ, ಪೂಜೆ ಅಲ್ಲಿ ನಡೆಯಲಿ. ನಕ್ಷೆಯಲ್ಲೇ ಆ ಗೂಡು ಇದ್ದರೆ ಯಾರಿಗೂ ಕೊರತೆ ಅನಿಸುವುದಿಲ್ಲ.

ಜಾಗ: ಉದ್ಯಮಬಾಗವೋ, ಊರ ಹೊರಗೋ?

ಉದ್ಯಮಬಾಗದಲ್ಲಿ ಸ್ವಂತ ಪ್ಲಾಟು ಇದ್ದವರಿಗೆ ಅಲ್ಲೇ ಕಟ್ಟುವ ಆಸೆ ಸಹಜ. ಫಿಟ್ಟರು, ಎಲೆಕ್ಟ್ರಿಶಿಯನ್, ಬಿಡಿಭಾಗ ಎಲ್ಲ ಕೈಯಳತೆಯಲ್ಲಿ. ಆದರೆ ಸುತ್ತ ಫೌಂಡ್ರಿಗಳ ಸಿಲಿಕಾ ಮರಳಿನ ಧೂಳು, ಪ್ರೆಸ್ಸುಗಳ ಬಡಿತ, ಹತ್ತಿರದಲ್ಲೇ ಲೋಂಡಾ ಕಡೆಗೆ ಹೋಗುವ ರೈಲು ಹಳಿ. ಅದುರಿನ ಅಳತೆಗೆ ಒಂದು ಮಾಪಕವಿದೆ: ಕಚೇರಿಗೆ ಸೆಕೆಂಡಿಗೆ 400 ಮೈಕ್ರೋಮೀಟರ್ ನಡೆಯುತ್ತದೆ, ಆಪರೇಷನ್ ಥಿಯೇಟರಿಗೆ 100, ಸೂಕ್ಷ್ಮ ತಪಾಸಣಾ ಯಂತ್ರಗಳಿಗೆ 50 ಇಲ್ಲವೇ ಅದಕ್ಕೂ ಕಡಿಮೆ. ಪ್ಲಾಟಿನಲ್ಲಿ ಅಳತೆ ಯಂತ್ರ ಇಟ್ಟು, ಭಾನುವಾರ ಅಲ್ಲ, ಎಲ್ಲ ಪ್ರೆಸ್ಸು ಓಡುವ ಕೆಲಸದ ದಿನ, ರೈಲು ಹೋಗುವ ಹೊತ್ತನ್ನೂ ಸೇರಿಸಿ ಪೂರ್ತಿ ದಿನ ಅಳೆಸಿ. ಮಿತಿ ಮೀರಿದರೆ ಆ ಪ್ಲಾಟು ಎಷ್ಟೇ ಅನುಕೂಲವಿದ್ದರೂ ಬಿಟ್ಟುಬಿಡಿ. ಕಾಕತಿ, ಹೊನಗಾ ಕಡೆ ಹೆದ್ದಾರಿಗೆ ಹತ್ತಿರದ ಜಾಗ, ಇಲ್ಲವೇ ವಿಮಾನದ ಬಿಡಿಭಾಗಗಳ ಘಟಕಗಳಿರುವ ಹತ್ತರಗಿಯ ಕಡೆಯ ಜಾಗ ನೋಡಿ. ಅಲ್ಲೂ ಅಳೆಸಿಯೇ ಕೊಳ್ಳಿ.

ಮಣ್ಣೂ ನೋಡಬೇಕು. ಮಸಾರಿ, ಕೆಂಪು ಕಲ್ಲಿನ ನೆಲ ಸಿಕ್ಕರೆ ಅದೃಷ್ಟ. ಎರೆ ಮಣ್ಣಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, 20 ಮೀಟರ್ ಉದ್ದದ ಸಾಲಿನ ಮಟ್ಟ ತಪ್ಪಿದರೆ ಹಾಳೆ ಒಂದು ಬದಿಗೆ ಎಳೆಯುತ್ತದೆ. ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡುವುದು, ಕಂಬಗಳಿಗೆ ಅಂಡರ್-ರೀಮ್ಡ್ ಪೈಲು (ಬುಡ ಉಬ್ಬಿದ ಆಳದ ಅಡಿಪಾಯದ ಕಂಬ) ಹಾಕುವುದು ಅನಿವಾರ್ಯ. ಬಾಗಲಕೋಟೆ, ವಿಜಯಪುರದ ಬಹುಪಾಲು ಜಾಗದಲ್ಲಿ ಈ ಖರ್ಚು ಮೊದಲೇ ಹಿಡಿದುಕೊಳ್ಳಬೇಕು.

ತಾಮ್ರ ಕೊರೆಯುವ ಪ್ರಕ್ರಿಯೆ ಇದ್ದರೆ ಹೊರಬಿಡುವ ನೀರಿನಲ್ಲಿ ತಾಮ್ರ ಲೀಟರ್‌ಗೆ 3 ಮಿಲಿಗ್ರಾಂ ಮೀರುವಂತಿಲ್ಲ. ಶುದ್ಧೀಕರಣ ಘಟಕವನ್ನು ಇಳಿಜಾರಿನ ತಗ್ಗಿನ ತುದಿಗೆ, ಲಾರಿ ಬರುವ ಪೂರ್ವದ ಬದಿಗೆ ಇಡಿ. ಬೆಳ್ಳಿ ಶಾಯಿಯಿಂದ ಮುದ್ರಿಸುವ ವಿಧಾನದಲ್ಲಿ ಈ ತಾಪತ್ರಯ ಬಹಳ ಕಡಿಮೆ. ಹೊಸದಾಗಿ ಶುರು ಮಾಡುವವರಿಗೆ ಮುದ್ರಣದಿಂದಲೇ ಶುರು ಮಾಡಿ ಎನ್ನಲು ಇದೂ ಒಂದು ಕಾರಣ.

ಇವ್ಯಾವುವೂ ಹೊಂದದಿದ್ದರೆ

ಪ್ಲಾಟು ಅರ್ಧ ಎಕರೆಗಿಂತ ಕಡಿಮೆ ಇದ್ದರೆ ಪಕ್ಕಪಕ್ಕದ ವಿನ್ಯಾಸ ಕೂರುವುದಿಲ್ಲ. ಆಗ ಒಂದರ ಮೇಲೊಂದನ್ನೇ ಒಪ್ಪಿಕೊಳ್ಳಿ. ಆದರೆ ಕಚೇರಿಯ ಶೌಚಾಲಯ, ಪ್ಯಾಂಟ್ರಿಗಳನ್ನು ಕ್ಲೀನ್‌ರೂಮಿನ ಮೇಲೆ ಬಾರದಂತೆ ಒಂದು ಬದಿಯ ಗೋಪುರಕ್ಕೆ ಸರಿಸಿ, ಹೊಗೆ ಕೊಳವೆಗಳನ್ನು ಹೊರಗೋಡೆಯ ಮೇಲೇ ಹತ್ತಿಸಿ.

ಆರ್ಡರ್ ಇನ್ನೂ ಕೈಗೆ ಬಂದಿಲ್ಲ, ಗಿರಾಕಿ ಸ್ಯಾಂಪಲ್ ಕೇಳುವ ಹಂತದಲ್ಲೇ ಇದ್ದಾನೆ ಎಂದಾದರೆ ಹೊಸ ಕಟ್ಟಡವನ್ನೇ ಕಟ್ಟಬೇಡಿ. ಅದುರು ಕಡಿಮೆ ಇರುವ, ಛಾವಣಿ ಗಟ್ಟಿಯಿರುವ, ಛಾವಣಿಯ ಕೆಳಅಂಚಿಗೆ 6 ಮೀಟರ್ ಎತ್ತರ ಸಿಗುವ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಒಳಗೆ 100 ಚದರ ಮೀಟರಿನ ಪ್ಯಾನೆಲ್ ಕೋಣೆ ನಿಲ್ಲಿಸಿ. ಪ್ಯಾನೆಲ್ಲು, ಫ್ಯಾನ್ ಘಟಕ, ಏರ್ ಹ್ಯಾಂಡ್ಲರ್ ಎಲ್ಲವನ್ನೂ ಬಿಚ್ಚಿ ಒಯ್ಯಬಹುದಾದ ಅಳತೆಯಲ್ಲೇ ಕೊಳ್ಳಿ, ಬಾಡಿಗೆ ಕರಾರಿನಲ್ಲಿ ಅವು ನಿಮ್ಮ ಆಸ್ತಿ ಎಂದು ಬರೆಸಿ. ಒಂದು ಪೂರ್ತಿ ಮಳೆಗಾಲ ಅದರಲ್ಲಿ ಕೆಲಸ ಮಾಡಿ, ಗಂಟೆ ಗಂಟೆಗೆ ಒಳಗಿನ ಆರ್ದ್ರತೆ, ಹಿಂಡಿದ ನೀರು, ಕರೆಂಟಿನ ಯೂನಿಟ್ಟು ಬರೆದಿಟ್ಟುಕೊಳ್ಳಿ. ದೊಡ್ಡ ಕಟ್ಟಡದ ಚಿಲ್ಲರ್ ಎಷ್ಟು ಟನ್ನಿನದು ಬೇಕು ಎಂಬುದನ್ನು ಆ ವಹಿಯಿಂದಲೇ ಲೆಕ್ಕ ಮಾಡಿಸಿ.